ಕಟ್ಟೆಯ ತೀರ್ಪು, ಕಾನೂನಿನ ತೀರ್ಪು ಮತ್ತು ಹೊರಬರುವ ಹಕ್ಕು

ಧರ್ಮದ ಅಧಿಕಾರದಿಂದ ನ್ಯಾಯ ಹೇಳುವ ಪೀಠಗಳಿಗೆ ಸೆಕ್ಯುಲರ್ ಕಾನೂನಿನ ಆಡಳಿತದಲ್ಲಿ ಎಷ್ಟರಮಟ್ಟಿನ ಸ್ಥಾನ ಇರಬೇಕು ಎಂಬ ಪ್ರಶ್ನೆ ಕಳೆದ ಎರಡು ದಶಕಗಳಲ್ಲಿ ಕೆನಡಾ, ಇಂಗ್ಲೆಂಡ್, ಗ್ರೀಸ್, ಅಮೆರಿಕ ಮುಂತಾದ ದೇಶಗಳ ಸಾರ್ವಜನಿಕ ಜೀವನವನ್ನು ಮತ್ತೆ ಮತ್ತೆ ಕಲಕಿದೆ. ಅಲ್ಲಿ ಬಹುಮಟ್ಟಿಗೆ ವಲಸೆ ಬಂದವರ ಹೊಸ ಸಮಸ್ಯೆಯೆಂಬಂತೆ ಚರ್ಚೆಯಾದ ಈ ಪ್ರಶ್ನೆ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಿಗೆ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡಗಳಿಗೆ, ಹೊಸತೇನೂ ಅಲ್ಲ. ಧಾರ್ಮಿಕ ನ್ಯಾಯಪೀಠವೆಂದರೆ ಸರ್ಕಾರದಿಂದ ನೇಮಕಗೊಳ್ಳದೆ, ಮತ, ಕುಲ ಅಥವಾ ದೈವದ ಹೆಸರಿನಲ್ಲಿ ಜನರ ವ್ಯಾಜ್ಯಗಳನ್ನು ವಿಚಾರಿಸಿ ತೀರ್ಮಾನ ಹೇಳುವ ವ್ಯಕ್ತಿ ಅಥವಾ ಮಂಡಳಿ ಎಂದಿಟ್ಟುಕೊಂಡರೆ, ಈ ಸೀಮೆಯ ಕುಲದ ಕಟ್ಟೆಗಳು, ಗುಡಿಯ ಮುಂದಿನ ಪಂಚಾಯಿತಿಗಳು, ಮಠದ ಸನ್ನಿಧಿಗಳು, ಮಸೀದಿಯ ಜಮಾತ್‌ಗಳು ಎಲ್ಲವೂ ಒಂದಲ್ಲ ಒಂದು ಮಟ್ಟದಲ್ಲಿ ಆ ವ್ಯಾಖ್ಯೆಯೊಳಗೆ ಬರುತ್ತವೆ. ಇಂಥ ಪೀಠಗಳು ಇರಬೇಕೇ ಬೇಡವೇ ಎಂಬುದಕ್ಕಿಂತಲೂ, ಅವುಗಳ ಮುಂದೆ ನಿಂತವರಿಗೆ ಅಲ್ಲಿಂದ ಎದ್ದು ಹೊರಬರುವ ಹಕ್ಕು ನಿಜವಾಗಿಯೂ ಇದೆಯೇ ಎಂಬುದೇ ಮುಖ್ಯ ಪ್ರಶ್ನೆ ಎನ್ನುವುದು ಈ ನಾಲ್ಕು ತಾಲ್ಲೂಕುಗಳಿಂದ ನೋಡಿದಾಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಕುಲ, ಕಟ್ಟೆ ಮತ್ತು ದಂಡ

ಶಿರಾ, ಪಾವಗಡಗಳಿಂದ ಹಿಡಿದು ಹಿರಿಯೂರು, ಚಳ್ಳಕೆರೆಗಳವರೆಗೆ ಹಬ್ಬಿದ ಬಯಲುಸೀಮೆಯಲ್ಲಿ ಕಾಡುಗೊಲ್ಲರು, ಮ್ಯಾಸನಾಯಕರು ಮುಂತಾದ ಪಶುಪಾಲಕ ಮೂಲದ ಸಮುದಾಯಗಳು ತಮ್ಮದೇ ಆದ ನ್ಯಾಯವ್ಯವಸ್ಥೆಯನ್ನು ಕಟ್ಟಿಕೊಂಡಿದ್ದವು. ಕುಲದೈವದ ಗುಡಿಯನ್ನು ನಡುವಿಟ್ಟುಕೊಂಡು, ಅದಕ್ಕೆ ನಡೆದುಕೊಳ್ಳುವ ಹಲವು ಹಟ್ಟಿಗಳ ಒಕ್ಕಲುಗಳನ್ನು ಒಂದೇ ಕಟ್ಟಳೆಗೆ ಒಳಪಡಿಸುವ ಏರ್ಪಾಟಿಗೆ ಕಟ್ಟೆಮನೆ ಎಂದು ಹೆಸರು. ಅದರ ಯಜಮಾನ, ಗೌಡ, ಪೂಜಾರಿ ಮುಂತಾದವರು ವಂಶಪಾರಂಪರ್ಯವಾಗಿ ಆ ಸ್ಥಾನಕ್ಕೆ ಬಂದವರಾಗಿದ್ದು, ಜಾತ್ರೆ, ಹಬ್ಬಗಳ ಜವಾಬ್ದಾರಿಯನ್ನು ಹೊತ್ತಂತೆಯೇ ಕುಲದೊಳಗಿನ ಜಗಳ, ಮದುವೆಯ ತಕರಾರು, ಆಚಾರ ತಪ್ಪಿದ ದೂರುಗಳನ್ನು ಕೂಡ ವಿಚಾರಿಸುತ್ತಿದ್ದರು. ತಪ್ಪಿತಸ್ಥನೆಂದು ಕಂಡವನು ದೈವಕ್ಕೆ ತಪ್ಪುಕಾಣಿಕೆ ಸಲ್ಲಿಸಬೇಕಿತ್ತು, ಕುಲಕ್ಕೆ ದಂಡ ಕಟ್ಟಬೇಕಿತ್ತು. ಒಪ್ಪದಿದ್ದರೆ ಅವನನ್ನು ಕುಲದಿಂದ ಹೊರಗಿಡುವುದೇ ಕೊನೆಯ ಶಿಕ್ಷೆಯಾಗಿತ್ತು. ಈ ವ್ಯವಸ್ಥೆಯಲ್ಲಿ ದೈವ ಬೇರೆ, ನ್ಯಾಯ ಬೇರೆ ಎಂಬ ವಿಂಗಡಣೆ ಇರಲಿಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯ ಗುಡ್ಡೆಯಲ್ಲಿ ನೆಲೆಸಿದನೆಂದು ಕಾಡುಗೊಲ್ಲರು ನಂಬುವ ಜುಂಜಪ್ಪನಂಥ ಸಾಂಸ್ಕೃತಿಕ ವೀರರ ಮೇಲಿನ ಭಕ್ತಿಯೂ ಹಿರಿಯರ ಮಾತಿನ ಮೇಲಿನ ಭಯವೂ ಒಂದರೊಳಗೊಂದು ಬೆರೆತಿದ್ದವು.

ಇದು ಕೇವಲ ಒಂದೆರಡು ಸಮುದಾಯಗಳ ಪದ್ಧತಿಯಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತುತ್ತ ಮಧುಗಿರಿ, ಶಿರಾಗಳಿಗೂ ಬಂದಿದ್ದ ಫ್ರಾನ್ಸಿಸ್ ಬುಕಾನನ್, ತಾನು ವಿಚಾರಿಸಿದ ಅನೇಕ ಜಾತಿಗಳಲ್ಲಿ ವಂಶಪಾರಂಪರ್ಯದ ಮುಖ್ಯಸ್ಥರೂ ಅವರ ಸಭೆಗಳೂ ಇದ್ದುದನ್ನು, ಅವು ವ್ಯಾಜ್ಯ ಬಗೆಹರಿಸಿ, ದಂಡ ವಿಧಿಸಿ, ಜಾತಿಯಿಂದ ಹೊರಹಾಕುತ್ತಿದ್ದುದನ್ನು ದಾಖಲಿಸಿದ್ದಾನೆ. ಅದಕ್ಕೂ ಹಿಂದೆ, 1687ರಿಂದ ಸುಮಾರು 70 ವರ್ಷಗಳ ಕಾಲ ಶಿರಾ ಮೊಘಲರ ಸುಬಾದ, ಅಂದರೆ ಪ್ರಾಂತ್ಯದ, ಆಡಳಿತ ಕೇಂದ್ರವಾಗಿತ್ತು. ಮೊಘಲ್ ಪದ್ಧತಿಯಲ್ಲಿ ಖಾಜಿಯೆಂದರೆ ಪ್ರಭುತ್ವವೇ ನೇಮಿಸಿದ ನ್ಯಾಯಾಧೀಶ. ಇಂದಿನ ಖಾಜಿಗಾದರೋ ನಿಕಾಹ್ ನಡೆಸುವ, ಧಾರ್ಮಿಕ ಸಲಹೆ ಕೊಡುವ ಗೌರವವಿದೆಯೇ ಹೊರತು ಯಾರನ್ನೂ ಬಲವಂತವಾಗಿ ಕರೆಸಿ ಶಿಕ್ಷಿಸುವ ಅಧಿಕಾರವಿಲ್ಲ.

ಈ ಬದಲಾವಣೆ ಒಮ್ಮೆಲೇ ಆದದ್ದಲ್ಲ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ರೂಪಿಸಿದ ವ್ಯವಸ್ಥೆಯಂತೆ ಮದುವೆ, ಉತ್ತರಾಧಿಕಾರಗಳ ವಿಷಯದಲ್ಲಿ ಹಿಂದೂಗಳಿಗೆ ಶಾಸ್ತ್ರದ, ಮುಸ್ಲಿಮರಿಗೆ ಕುರ್‌ಆನಿನ ನಿಯಮಗಳೇ ಅನ್ವಯವಾಗಬೇಕಾಗಿದ್ದು, ಅವುಗಳನ್ನು ವಿವರಿಸಲು ಪಂಡಿತರೂ ಮೌಲವಿಗಳೂ ಕೋರ್ಟಿನಲ್ಲಿ ಕೂರುತ್ತಿದ್ದರು. 1864ರಲ್ಲಿ ಆ ಹುದ್ದೆಗಳು ರದ್ದಾಗಿ, ಧರ್ಮದ ನಿಯಮವನ್ನು ಅರ್ಥೈಸುವ ಕೆಲಸ ಸಂಪೂರ್ಣವಾಗಿ ಸರ್ಕಾರಿ ನ್ಯಾಯಾಧೀಶನ ಕೈಗೆ ಬಂದಿತು. ಅಂದಿನಿಂದ ಭಾರತದಲ್ಲಿ ವೈಯಕ್ತಿಕ ಕಾನೂನು ಎಂದು ಕರೆಯುವ, ಅಂದರೆ ವ್ಯಕ್ತಿಯ ಮತವನ್ನು ಅನುಸರಿಸಿ ಮದುವೆ, ವಿಚ್ಛೇದನ, ಜೀವನಾಂಶ, ಆಸ್ತಿ ಹಂಚಿಕೆಗಳಿಗೆ ಅನ್ವಯವಾಗುವ ನಿಯಮಗಳು ಧರ್ಮಮೂಲದವಾಗಿದ್ದರೂ, ಅವನ್ನು ಜಾರಿಗೊಳಿಸುವ ಕೋರ್ಟು ಮಾತ್ರ ಎಲ್ಲರಿಗೂ ಒಂದೇ.

ಗುರುಪೀಠದ ಮುಂದೆ

ಕರ್ನಾಟಕದಲ್ಲಿ ಧಾರ್ಮಿಕ ನ್ಯಾಯಪೀಠದ ಅತ್ಯಂತ ವ್ಯವಸ್ಥಿತ ರೂಪವನ್ನು ನೋಡಬೇಕೆಂದರೆ ಶಿರಾದಿಂದ ಹೆದ್ದಾರಿಯಲ್ಲಿ ಹಿರಿಯೂರು, ಚಿತ್ರದುರ್ಗಗಳನ್ನು ದಾಟಿ ಸಿರಿಗೆರೆಗೆ ಹೋಗಬೇಕು. ಅಲ್ಲಿನ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆಯುವ ಸದ್ಧರ್ಮ ನ್ಯಾಯಪೀಠದಲ್ಲಿ ಮಠದ ಜಗದ್ಗುರುಗಳೇ ಕುಳಿತು ಜಮೀನಿನ ಹಂಚಿಕೆ, ದಾಯಾದಿ ಕಲಹ, ಗಂಡ–ಹೆಂಡಿರ ವಿರಸ, ಹಣಕಾಸಿನ ತಗಾದೆಗಳನ್ನು ಆಲಿಸುತ್ತಾರೆ. ಮಠದ ಶಿಷ್ಯರಲ್ಲದವರೂ ಅಲ್ಲಿಗೆ ಅರ್ಜಿ ಹಿಡಿದು ಬರುತ್ತಾರೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರು ವ್ಯಾಜ್ಯಗಳನ್ನು ಕೇಳಿ ತೀರ್ಮಾನಿಸುವ ಹೊಯ್ಲು ಎಂಬ ಪದ್ಧತಿಯೂ ಇದೇ ಬಗೆಯದು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಾತು ತಪ್ಪಿದವನನ್ನು ಧರ್ಮಸ್ಥಳಕ್ಕೆ ಬಂದು ಆಣೆ ಮಾಡು ಎಂದು ಕರೆಯುವುದು ಇವತ್ತಿಗೂ ಸಾಮಾನ್ಯವಾಗಿದ್ದು, ಎಷ್ಟೋ ಸಾಲದ ಲೆಕ್ಕಗಳು ಆ ಕರೆಯ ಭಯಕ್ಕೇ ಚುಕ್ತಾ ಆಗುತ್ತವೆ.

ಇಂಥ ಆಣೆಗೆ ಒಂದು ಕಾಲದಲ್ಲಿ ಕಾನೂನಿನ ಬೆಂಬಲವೂ ಇತ್ತೆಂಬುದು ಗಮನಾರ್ಹ. 1873ರ ಪ್ರಮಾಣವಚನ ಕಾಯ್ದೆಯ ಪ್ರಕಾರ, ಎದುರಾಳಿಯು ತನ್ನ ಮತಕ್ಕೆ ತಕ್ಕ ವಿಶೇಷ ರೀತಿಯಲ್ಲಿ ಪ್ರಮಾಣ ಮಾಡಿ ಹೇಳಿದರೆ ಅದಕ್ಕೆ ತಾನು ಬದ್ಧನೆಂದು ಕಕ್ಷಿದಾರನೊಬ್ಬ ಕೋರ್ಟಿಗೆ ತಿಳಿಸಬಹುದಾಗಿತ್ತು. ಆ ಪ್ರಮಾಣದ ಮೇಲೆ ಕೊಟ್ಟ ಹೇಳಿಕೆಯೇ ಅವನ ಮಟ್ಟಿಗೆ ಅಂತಿಮ ಸಾಕ್ಷ್ಯವಾಗುತ್ತಿತ್ತು. 1969ರ ಹೊಸ ಕಾಯ್ದೆ ಈ ಏರ್ಪಾಟನ್ನು ಕೈಬಿಟ್ಟಿತು. ಸಾಕ್ಷ್ಯವನ್ನು ತೂಗಬೇಕಾದದ್ದು ದೈವಭಯದಿಂದಲ್ಲ, ಪ್ರಶ್ನೆ ಮತ್ತು ಪರಿಶೀಲನೆಯಿಂದ ಎಂಬ ನಿಲುವಿನತ್ತ ಕಾನೂನು ಇಟ್ಟ ಹೆಜ್ಜೆ ಅದು.

ಜನರು ಮಠಗಳಿಗೂ ಕಟ್ಟೆಗಳಿಗೂ ಹೋಗುವುದಕ್ಕೆ ಕೇವಲ ಭಕ್ತಿ ಕಾರಣವಲ್ಲ. ಪಾವಗಡ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ, ಜಿಲ್ಲಾಕೇಂದ್ರದಿಂದ ದೂರವಾದ, ಮಳೆಯ ಅಭಾವದ ನಾಡು. ಅಲ್ಲಿನ ಸಣ್ಣ ಹಿಡುವಳಿದಾರನಿಗೆ ಒಂದು ದಾವೆಯೆಂದರೆ ವಕೀಲರ ಶುಲ್ಕದ ಜೊತೆಗೆ ಪ್ರತಿ ವಾಯಿದೆಗೂ ಕಳೆದುಹೋಗುವ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಮತ್ತು ತಲೆಮಾರಿನವರೆಗೂ ಮುಗಿಯದ ದಾಯಾದಿ ದ್ವೇಷ. ಮಾತಿನಲ್ಲೇ ಬಗೆಹರಿಯುವ ತಕರಾರನ್ನು ಹಿರಿಯರ ಮುಂದೆ ಇಟ್ಟು, ಇಬ್ಬರೂ ಒಂದಿಷ್ಟು ಬಿಟ್ಟುಕೊಟ್ಟು, ಮತ್ತೆ ಒಂದೇ ಬಾವಿಯ ನೀರನ್ನು ಹಂಚಿಕೊಂಡು ಬದುಕುವುದು ಎಷ್ಟೋ ಕುಟುಂಬಗಳಿಗೆ ಗೆದ್ದ ಡಿಕ್ರಿಗಿಂತ ದೊಡ್ಡ ಲಾಭ. ಧಾರ್ಮಿಕ ನ್ಯಾಯಪೀಠಗಳ ಬಗೆಗಿನ ಯಾವ ಟೀಕೆಯೂ ಈ ವಾಸ್ತವವನ್ನು ಮರೆತು ಹೊರಡುವಂತಿಲ್ಲ.

ಕಾನೂನು ಎಳೆದ ಗೆರೆ

ಭಾರತದ ಕಾನೂನು ಇಂಥ ರಾಜಿಗಳಿಗೆ ಬಾಗಿಲು ಮುಚ್ಚಿಲ್ಲ, ಆದರೆ ಅವುಗಳ ಎಲ್ಲೆಯನ್ನು ಸಾಕಷ್ಟು ಖಚಿತವಾಗಿ ಗುರುತಿಸಿದೆ. ಹಣಕಾಸು, ಆಸ್ತಿ ಮುಂತಾದ ಸಿವಿಲ್ ವ್ಯಾಜ್ಯಗಳನ್ನು ಉಭಯ ಪಕ್ಷಗಳು ಲಿಖಿತವಾಗಿ ಒಪ್ಪಿ ಮಧ್ಯಸ್ಥಗಾರರಿಗೆ ಒಪ್ಪಿಸಲು 1996ರ ಮಧ್ಯಸ್ಥಿಕೆ ಕಾಯ್ದೆ ಅವಕಾಶ ಕೊಡುತ್ತದೆ. ಆ ಮಧ್ಯಸ್ಥಗಾರ ಸ್ವಾಮೀಜಿಯೋ ಮೌಲವಿಯೋ ಆಗಿರಬಾರದೆಂಬ ನಿಷೇಧವೇನೂ ಇಲ್ಲ. ಆದರೆ ಕೊಲೆ, ಅತ್ಯಾಚಾರ, ಹಲ್ಲೆಗಳಂಥ ಅಪರಾಧಗಳನ್ನು ವಿಚಾರಿಸುವ ಅಧಿಕಾರ ಪ್ರಭುತ್ವದ ಕೋರ್ಟಿಗೆ ಮಾತ್ರ ಸೇರಿದ್ದು, ಒಬ್ಬರ ವೈವಾಹಿಕ ಸ್ಥಿತಿಯನ್ನು ತೀರ್ಮಾನಿಸುವ ವಿಷಯಗಳೂ ಖಾಸಗಿ ಮಧ್ಯಸ್ಥಿಕೆಗೆ ಒಳಪಡುವುದಿಲ್ಲ. 1872ರ ಕರಾರು ಕಾಯ್ದೆಯ 28ನೇ ಕಲಮು, ಹಕ್ಕು ಕೇಳಿ ಕೋರ್ಟಿಗೆ ಹೋಗದಂತೆ ಸಂಪೂರ್ಣವಾಗಿ ತಡೆಯುವ ಒಪ್ಪಂದವನ್ನು ಅನೂರ್ಜಿತವೆಂದು ಸಾರುತ್ತದೆ. ಆದ್ದರಿಂದ ಕುಲದವರು ಯಾರೂ ಠಾಣೆಯ, ಕೋರ್ಟಿನ ಮೆಟ್ಟಿಲು ಹತ್ತಕೂಡದು ಎಂದು ಕಟ್ಟೆಯಲ್ಲಿ ಬರೆಸಿಕೊಂಡ ಮುಚ್ಚಳಿಕೆಗೆ ಕಾನೂನಿನ ಕಣ್ಣಲ್ಲಿ ಬೆಲೆಯಿಲ್ಲ.

ಒಂದು ವಿಷಯದಲ್ಲಿ ಮಾತ್ರ ಶಾಸನವೇ ರೂಢಿಯನ್ನು ಉಳಿಸಿದೆ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು, ಸಮುದಾಯದ ರೂಢಿಯಲ್ಲಿ ಮೊದಲಿನಿಂದ ಇದ್ದ ವಿಚ್ಛೇದನದ ಹಕ್ಕನ್ನು ಮಾನ್ಯ ಮಾಡುತ್ತದೆ. ಬಿಡುಗಡೆ ಪತ್ರ ಬರೆದು, ಹಿರಿಯರ ಮುಂದೆ ದಾಂಪತ್ಯವನ್ನು ಮುರಿದುಕೊಂಡು, ಕೂಡಿಕೆಯ ಮೂಲಕ ಮತ್ತೊಂದು ಸಂಸಾರ ಕಟ್ಟಿಕೊಳ್ಳುವ ಪದ್ಧತಿ ಶೂದ್ರ, ದಲಿತ ಸಮುದಾಯಗಳಲ್ಲಿ ಬಹುಕಾಲದಿಂದ ಇದ್ದು, ಮೇಲ್ಜಾತಿಯ ಹೆಣ್ಣಿಗೆ ಇಲ್ಲದಿದ್ದ ಒಂದು ಬಗೆಯ ಸ್ವಾತಂತ್ರ್ಯವನ್ನು ಅಲ್ಲಿನ ಹೆಣ್ಣಿಗೆ ಕೊಟ್ಟಿತ್ತೆಂಬುದನ್ನು ಒಪ್ಪಲೇಬೇಕು. ಆದರೆ ಅಂಥ ರೂಢಿಯಿದೆಯೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಅದನ್ನು ಕೋರ್ಟಿನಲ್ಲಿ ನಿರ್ದಿಷ್ಟವಾಗಿ ವಾದಿಸಿ ರುಜುವಾತು ಮಾಡಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಯಮನಾಜಿ ಜಾಧವ್ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಪಂಚಾಯಿತಿಯ ಬಿಡುಗಡೆ ಪತ್ರವನ್ನೇ ನಂಬಿ ಮರುಮದುವೆಯಾದವರು ಮುಂದೊಂದು ದಿನ ಆಸ್ತಿ ಅಥವಾ ಪಿಂಚಣಿಯ ಪ್ರಶ್ನೆ ಎದ್ದಾಗ ತಮ್ಮ ಸಂಸಾರಕ್ಕೆ ಕಾನೂನಿನ ಆಸರೆಯಿಲ್ಲವೆಂದು ಅರಿಯುವ ಅಪಾಯ ಇದ್ದೇ ಇದೆ.

ಚರ್ಚ್ ನ್ಯಾಯಾಲಯಗಳ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಕೊಂಡೊಯ್ದವರಲ್ಲಿ ಕರ್ನಾಟಕದವರೂ ಒಬ್ಬರು. ಕ್ಯಾಥೊಲಿಕ್ ಧರ್ಮಸಭೆಯ ಆಂತರಿಕ ನಿಯಮಗಳ ಸಂಹಿತೆಯಾದ ಕ್ಯಾನನ್ ಕಾನೂನಿನಂತೆ, ಚರ್ಚಿನ ನ್ಯಾಯಮಂಡಳಿಯೊಂದು ಮದುವೆಯನ್ನು ಮೊದಲಿನಿಂದಲೇ ಅಸಿಂಧುವೆಂದು ಘೋಷಿಸಬಹುದು. ಆದರೆ ದೇಶದ ಕಾನೂನಿನ ಪ್ರಕಾರ ಆ ದಂಪತಿ ವಿವಾಹಿತರಾಗಿಯೇ ಉಳಿಯುವುದರಿಂದ, ಚರ್ಚನ್ನು ನಂಬಿ ಮತ್ತೆ ಮದುವೆಯಾದವರು ದ್ವಿಪತ್ನಿತ್ವದ ಆರೋಪ ಎದುರಿಸಬೇಕಾಗುತ್ತದೆ. ಮುಸ್ಲಿಮರ ತಲಾಖ್‌ಗೆ ಮಾನ್ಯತೆಯಿರುವಾಗ ಚರ್ಚಿನ ತೀರ್ಪಿಗೇಕೆ ಇಲ್ಲ ಎಂದು ಪ್ರಶ್ನಿಸಿ ಮಂಗಳೂರಿನ ವಕೀಲ, ಕ್ಯಾಥೊಲಿಕ್ ಸಂಘಟನೆಯ ಮುಂದಾಳು ಕ್ಲಾರೆನ್ಸ್ ಪಾಯಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ವಜಾ ಮಾಡಿತು; 1996ರ ಮೋಲಿ ಜೋಸೆಫ್ ಪ್ರಕರಣದ ತೀರ್ಪನ್ನೇ ಎತ್ತಿಹಿಡಿದು, ಕ್ರೈಸ್ತರ ವಿಚ್ಛೇದನಕ್ಕೆ 1869ರ ಶಾಸನವೇ ಆಧಾರವೆಂದೂ ಕ್ಯಾನನ್ ಕಾನೂನು ಅದನ್ನು ಮೀರುವಂತಿಲ್ಲವೆಂದೂ ಹೇಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಅರ್ಜಿಯಲ್ಲಿ ಹೋಲಿಕೆಗೆ ಬಳಸಿದ್ದ ತಲಾಖ್‌ನ ಒಂದು ಬಗೆ, ಅಂದರೆ ಒಂದೇ ಉಸಿರಿನಲ್ಲಿ ಮೂರು ಬಾರಿ ಹೇಳಿ ಮದುವೆಯನ್ನು ಮುರಿಯುವ ಪದ್ಧತಿ, ಶಾಯರಾ ಬಾನೊ ಪ್ರಕರಣದಲ್ಲಿ ಅಸಿಂಧುವೆನಿಸಿತು.

ಮುಸ್ಲಿಂ ನ್ಯಾಯಪೀಠಗಳಾದ ದಾರುಲ್ ಕಜಾಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2014ರ ಜುಲೈನಲ್ಲಿ ವಿಶ್ವಲೋಚನ್ ಮದನ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇನ್ನಷ್ಟು ಸೂಕ್ಷ್ಮವಾದುದು. ಫತ್ವಾ, ಅಂದರೆ ಧಾರ್ಮಿಕ ವಿದ್ವಾಂಸರ ಅಭಿಪ್ರಾಯ, ಯಾರ ಮೇಲೂ ಕಾನೂನುಬದ್ಧವಾಗಿ ಹೇರಲಾಗದ ಸಲಹೆ ಮಾತ್ರ. ಇಂಥ ಪೀಠಗಳು ರಾಜಿಗೆ ಪ್ರಯತ್ನಿಸುವುದು ತಪ್ಪಲ್ಲವಾದರೂ, ಬಾಧಿತ ವ್ಯಕ್ತಿಯೇ ಕೇಳದಿದ್ದಾಗ ಯಾರೋ ಮೂರನೆಯವರ ಕೋರಿಕೆಯ ಮೇಲೆ ಒಬ್ಬರ ಹಕ್ಕು, ಸ್ಥಾನಮಾನಗಳ ಬಗ್ಗೆ ಫತ್ವಾ ಕೊಡಬಾರದು ಎಂದು ಅದು ಹೇಳಿತು. ಯುವಕ ಯುವತಿಯರ ಮದುವೆಯ ಆಯ್ಕೆಗೆ ಖಾಪ್ ಎಂಬ ಕುಲದ ಪಂಚಾಯಿತಿಗಳು ಅಡ್ಡಬರುವುದು ಕಾನೂನುಬಾಹಿರ ಎಂಬ 2018ರ ಶಕ್ತಿ ವಾಹಿನಿ ತೀರ್ಪಿನ ಹಿಂದಿರುವುದೂ ಇದೇ ತತ್ತ್ವ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಈ ತೀರ್ಪುಗಳು ಎಳೆದ ಗೆರೆ ಒಂದೇ: ಸಲಹೆ ಕೊಡಬಹುದು, ರಾಜಿ ಮಾಡಿಸಬಹುದು, ಬಲವಂತ ಮಾಡುವಂತಿಲ್ಲ.

ಪಶ್ಚಿಮದ ವಾಗ್ವಾದ

ಪಾಶ್ಚಾತ್ಯ ದೇಶಗಳಲ್ಲಿ ಸಮಸ್ಯೆ ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದಿತು. ಭಾರತದಲ್ಲಿ ಧರ್ಮಮೂಲದ ಕಾನೂನನ್ನು ಸರ್ಕಾರಿ ನ್ಯಾಯಾಧೀಶ ಜಾರಿ ಮಾಡುತ್ತಾನೆ. ಅಲ್ಲಿಯಾದರೋ ಕಾನೂನು ಬಹುಮಟ್ಟಿಗೆ ಎಲ್ಲರಿಗೂ ಒಂದೇ ಆಗಿದ್ದು, ಧರ್ಮದ ಪಂಚರು ಕೊಟ್ಟ ತೀರ್ಪನ್ನು ಸರ್ಕಾರದ ಕೋರ್ಟು ಜಾರಿಗೊಳಿಸಬೇಕೇ ಎಂಬುದು ಪ್ರಶ್ನೆಯಾಯಿತು. ಕೆನಡಾದ ಒಂಟಾರಿಯೊ ಪ್ರಾಂತ್ಯದ 1991ರ ಮಧ್ಯಸ್ಥಿಕೆ ಕಾಯ್ದೆಯ ಅಡಿಯಲ್ಲಿ ಯಹೂದಿ, ಕ್ರೈಸ್ತ ಮಧ್ಯಸ್ಥಿಕೆಗಳು ಸದ್ದಿಲ್ಲದೆ ನಡೆದಿದ್ದವು. 2003ರಲ್ಲಿ ಅದೇ ಕಾಯ್ದೆಯಡಿ ಇಸ್ಲಾಮೀ ನ್ಯಾಯಸಂಸ್ಥೆ ಆರಂಭಿಸುವ ಘೋಷಣೆ ಹೊರಬಿದ್ದಾಗ ದೊಡ್ಡ ವಿರೋಧ ಎದ್ದಿತು. ಅದರ ಮುಂಚೂಣಿಯಲ್ಲಿ ಮುಸ್ಲಿಂ ಮಹಿಳೆಯರೂ ಇದ್ದರು. ಮಾಜಿ ಅಟಾರ್ನಿ ಜನರಲ್ ಮರಿಯನ್ ಬಾಯ್ಡ್ 2004ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ, ರಕ್ಷಣಾ ಕ್ರಮಗಳೊಂದಿಗೆ ಧಾರ್ಮಿಕ ಮಧ್ಯಸ್ಥಿಕೆ ಮುಂದುವರಿಯಲಿ ಎಂದರೂ, ಮರುವರ್ಷ ಪ್ರೀಮಿಯರ್ ಡಾಲ್ಟನ್ ಮೆಗಿಂಟಿ ಯಾವ ಧರ್ಮದ ಮಧ್ಯಸ್ಥಿಕೆಗೂ ಕೌಟುಂಬಿಕ ವಿಷಯಗಳಲ್ಲಿ ಮಾನ್ಯತೆಯಿಲ್ಲವೆಂದು ಪ್ರಕಟಿಸಿದರು. 2006ರ ತಿದ್ದುಪಡಿ ಅದನ್ನೇ ಕಾನೂನಾಗಿಸಿತು.

ಇಂಗ್ಲೆಂಡಿನಲ್ಲಿ 2008ರ ಫೆಬ್ರುವರಿಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್, ಶರೀಅತ್ ಅಥವಾ ಷರಿಯಾ ಎಂಬ ಇಸ್ಲಾಮೀ ಕಾನೂನಿನ ಕೆಲವು ಅಂಶಗಳಿಗೆ ಕಾನೂನಿನಲ್ಲಿ ಎಡೆ ಸಿಗುವುದು ಅನಿವಾರ್ಯವೆನಿಸುತ್ತದೆ ಎಂಬರ್ಥದ ಮಾತಾಡಿದಾಗ ಎದ್ದ ಕೋಲಾಹಲದಲ್ಲಿ, ಅವರು ಎತ್ತಿದ ಮೂಲ ಪ್ರಶ್ನೆ ಬಹುಮಟ್ಟಿಗೆ ಮುಚ್ಚಿಹೋಯಿತು. ಲಂಡನ್ನಿನ ಇಸ್ಲಾಮಿಕ್ ಷರಿಯಾ ಕೌನ್ಸಿಲ್ 1982ರಿಂದಲೇ ಕೆಲಸ ಮಾಡುತ್ತಿತ್ತು. ಯಹೂದಿಗಳ ಬೆತ್ ದಿನ್ ಎಂಬ ನ್ಯಾಯಪೀಠಗಳು ಅದಕ್ಕೂ ಬಹಳ ಹಿಂದಿನವು. ಸರ್ಕಾರ ನೇಮಿಸಿದ, ಮೋನಾ ಸಿದ್ದಿಕಿ ನೇತೃತ್ವದ ಸಮಿತಿ 2018ರಲ್ಲಿ ಕೊಟ್ಟ ವರದಿಯಂತೆ, ಷರಿಯಾ ಮಂಡಳಿಗಳ ಬಳಿ ಹೋಗುವವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಧಾರ್ಮಿಕ ವಿಚ್ಛೇದನ ಬಯಸಿದ ಮಹಿಳೆಯರು. ನಿಕಾಹ್ ಮಾತ್ರ ಆಗಿ ಸಿವಿಲ್ ನೋಂದಣಿಯಾಗದ ಮದುವೆಗೆ ಅಲ್ಲಿನ ಕಾನೂನಿನ ರಕ್ಷಣೆ ಸಿಗದಿರುವುದರಿಂದ, ಆ ಹೆಂಗಸರಿಗೆ ಕೋರ್ಟಿನ ಬಾಗಿಲು ಮೊದಲೇ ಮುಚ್ಚಿರುತ್ತದೆ. ಆದ್ದರಿಂದ ನಿಕಾಹ್‌ಗೆ ಮೊದಲೇ ಅಥವಾ ಅದರ ಜೊತೆಗೇ ಸಿವಿಲ್ ನೋಂದಣಿ ಕಡ್ಡಾಯವಾಗಲಿ ಎಂಬುದು ಸಮಿತಿಯ ಮುಖ್ಯ ಶಿಫಾರಸಾಗಿತ್ತು. ಯಹೂದಿ ಹೆಣ್ಣಿನ ಕಷ್ಟ ಇನ್ನೊಂದು ಬಗೆಯದು. ಗಂಡ ಗೆಟ್ ಎಂಬ ಬಿಡುಗಡೆ ಪತ್ರ ಕೊಡದ ಹೊರತು ಧರ್ಮದ ದೃಷ್ಟಿಯಲ್ಲಿ ಆಕೆ ಮರುಮದುವೆಯಾಗುವಂತಿಲ್ಲ. ಇಂಗ್ಲೆಂಡಿನ 2002ರ ಕಾಯ್ದೆ, ಧಾರ್ಮಿಕ ಬಂಧನ ಬಿಡಿಸುವವರೆಗೆ ಸಿವಿಲ್ ವಿಚ್ಛೇದನವನ್ನೂ ತಡೆಹಿಡಿಯುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟು, ಹಠಮಾರಿ ಗಂಡನ ಕೈಯಿಂದ ಆ ಅಸ್ತ್ರವನ್ನು ಕಸಿದುಕೊಳ್ಳಲು ಯತ್ನಿಸಿತು.

ಗ್ರೀಸ್‌ನ ಪಶ್ಚಿಮ ಥ್ರೇಸ್ ಪ್ರದೇಶದಲ್ಲಿ ಹಳೆಯ ಒಪ್ಪಂದಗಳ ಕಾರಣದಿಂದ ಮುಸ್ಲಿಂ ಅಲ್ಪಸಂಖ್ಯಾತರ ಕೌಟುಂಬಿಕ ವಿಷಯಗಳು ಮುಫ್ತಿಗಳ ಅಧಿಕಾರಕ್ಕೆ ಒಳಪಟ್ಟಿದ್ದವು. ಗಂಡ ಗ್ರೀಕ್ ಸಿವಿಲ್ ಕಾನೂನಿನಂತೆ ಉಯಿಲು ಬರೆದು ಆಸ್ತಿಯನ್ನೆಲ್ಲ ಹೆಂಡತಿಗೆ ಬಿಟ್ಟಿದ್ದರೂ, ಶರೀಅತ್ ಅನ್ವಯಿಸಿ ಆಕೆಗೆ ಬಹುಪಾಲು ಆಸ್ತಿ ತಪ್ಪಿಸಿದ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಗ್ರೀಸ್ ವಿರುದ್ಧ ತೀರ್ಪಿತ್ತು, ಅಲ್ಪಸಂಖ್ಯಾತರ ಹಕ್ಕಿನ ಹೆಸರಿನಲ್ಲಿ ಒಬ್ಬ ವ್ಯಕ್ತಿಯನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಸಮುದಾಯದ ಕಾನೂನಿಗೆ ಕಟ್ಟಿಹಾಕಲಾಗದು ಎಂಬ ನಿಲುವನ್ನು ತಳೆಯಿತು. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಒಕ್ಲಹೋಮ ರಾಜ್ಯ 2010ರಲ್ಲಿ ಜನಮತದ ಮೂಲಕ, ಧರ್ಮಗಳ ಕಾನೂನುಗಳಲ್ಲಿ ಶರೀಅತ್ ಒಂದನ್ನೇ ಹೆಸರಿಸಿ ಕೋರ್ಟುಗಳಿಂದ ಹೊರಗಿಡಲು ಹೊರಟು, ಒಂದು ಧರ್ಮವನ್ನು ಗುರಿಮಾಡಿದ ಕಾರಣಕ್ಕೆ ಫೆಡರಲ್ ನ್ಯಾಯಾಲಯಗಳಲ್ಲಿ ಸೋತಿತು. ವ್ಯಕ್ತಿಯ ಇಚ್ಛೆಯನ್ನು ಕಾಯುವ ಕಾನೂನು ನಿಲ್ಲುತ್ತದೆ, ಒಂದು ಮತದ ಮೇಲಿನ ಭಯದಿಂದ ಹುಟ್ಟಿದ ಕಾನೂನು ನಿಲ್ಲುವುದಿಲ್ಲ ಎಂಬುದು ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಗುವ ಪಾಠ.

ತೀರ್ಪುಗಾರನಿಲ್ಲದ ತೀರ್ಪು

ಆದರೆ ಇಚ್ಛೆ ಎಂಬುದು ಅಷ್ಟು ಸರಳವಾದ ಮಾತಲ್ಲವೆಂಬುದನ್ನು ತುಮಕೂರು ಜಿಲ್ಲೆಯ ಗೊಲ್ಲರಹಟ್ಟಿಗಳು ತೋರಿಸಿಕೊಡುತ್ತವೆ. ಮುಟ್ಟಾದ ಹೆಣ್ಣನ್ನೂ ಬಾಣಂತಿಯನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಕಾಡುಗೊಲ್ಲರ ಹಲವು ಹಟ್ಟಿಗಳಲ್ಲಿ ಉಳಿದುಬಂದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಹೀಗೆ ಹೊರಗಿನ ಗುಡಿಸಲಿನಲ್ಲಿ ತಾಯಿಯೊಂದಿಗೆ ಇರಿಸಲಾಗಿದ್ದ ಹಸುಗೂಸು ಮಳೆ ಚಳಿಯ ದಿನಗಳಲ್ಲಿ ಕಾಯಿಲೆ ಬಿದ್ದು ತೀರಿಕೊಂಡಿತು. ರಾಜ್ಯವನ್ನೇ ತಲ್ಲಣಗೊಳಿಸಿದ ಆ ಸಾವಿನ ಬಳಿಕ ನ್ಯಾಯಾಧೀಶರೂ ಅಧಿಕಾರಿಗಳೂ ಹಟ್ಟಿಗಳಿಗೆ ಹೋಗಿ ಬಾಣಂತಿಯರನ್ನು ಮನೆಯೊಳಗೆ ಸೇರಿಸಲು ಜನರ ಮನವೊಲಿಸಬೇಕಾಯಿತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಪ್ರತ್ಯೇಕವಾಗಿ ಇರುವಂತೆ ಬಲವಂತಪಡಿಸುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬ‌ಂಧಕ ಕಾಯ್ದೆಯಡಿ ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಆ ಕಾಯ್ದೆ 2020ರ ಜನವರಿಯಿಂದಲೇ ಜಾರಿಯಲ್ಲಿತ್ತು.

ಇಂಥಲ್ಲಿ ಯಾವ ಪೀಠವೂ ಕೂತು ತೀರ್ಪು ಕೊಡಬೇಕಾಗಿಲ್ಲ, ಯಾವ ಯಜಮಾನನೂ ಆಜ್ಞೆ ಹೊರಡಿಸಬೇಕಾಗಿಲ್ಲ. ದೇವರು ಮುನಿದರೆ ಹಟ್ಟಿಗೆ ಕೇಡಾದೀತು, ಆ ಕೇಡಿಗೆ ತಾನೇ ಹೊಣೆಯಾದೇನು ಎಂಬ ಭಯವೇ ತೀರ್ಪನ್ನು ಬರೆದು ಜಾರಿಯನ್ನೂ ಮಾಡುತ್ತದೆ. ಹೊರಗೆ ಹೋದವಳನ್ನು ಕೇಳಿದರೆ ತಾನೇ ಒಪ್ಪಿ ಬಂದೆ ಎನ್ನುತ್ತಾಳೆ. ಒಂಟಾರಿಯೊದ ನಿಷೇಧವಾಗಲಿ ಸುಪ್ರೀಂ ಕೋರ್ಟಿನ ತೀರ್ಪಾಗಲಿ ಇಂಥ ಒಪ್ಪಿಗೆಯ ಒಳಗನ್ನು ಮುಟ್ಟಲಾರವು, ಏಕೆಂದರೆ ರದ್ದುಪಡಿಸಲು ಅಲ್ಲಿ ಕಾಗದದ ಮೇಲಿನ ಆದೇಶವೇ ಇರುವುದಿಲ್ಲ. ಸರ್ಕಾರ ಹಟ್ಟಿಗಳ ಹೊರಗೆ ಹೆಂಗಸರು ತಂಗಲೆಂದು ಕಟ್ಟಿಸಿದ ಭವನಗಳೂ ಮಳೆ ಗಾಳಿಯಿಂದ ರಕ್ಷಣೆ ಕೊಟ್ಟವೇ ಹೊರತು, ಹೊರಗಿರಬೇಕೆಂಬ ಕಟ್ಟಳೆಯನ್ನು ಪ್ರಶ್ನಿಸಲಿಲ್ಲ. ಅವು ಒಂದರ್ಥದಲ್ಲಿ ಆ ಕಟ್ಟಳೆಗೆ ಸರ್ಕಾರಿ ಗೋಡೆ ಕಟ್ಟಿಕೊಟ್ಟವು.

ಹೊರಗಿಡುವ ಅಧಿಕಾರ

ಒಪ್ಪಿಗೆಯನ್ನು ಬಲವಂತದಿಂದ ಪಡೆಯುವ ಇನ್ನೊಂದು ಸಾಧನ ಬಹಿಷ್ಕಾರ. ಬೆಂಕಿ, ನೀರು, ಕೂಲಿ, ಅಂಗಡಿಯ ಸಾಮಾನು, ಹೆಣ್ಣು ಗಂಡಿನ ಸಂಬಂಧ, ಕೊನೆಗೆ ಹೆಣಕ್ಕೆ ಹೆಗಲು, ಇವೆಲ್ಲವೂ ಕುಲದವರ ಕೈಯಲ್ಲೇ ಇರುವ ಹಳ್ಳಿಯಲ್ಲಿ ಕಟ್ಟೆಯ ಮಾತನ್ನು ಒಪ್ಪುವುದಿಲ್ಲ ಎನ್ನುವವನಿಗೆ ನಿಜವಾದ ಆಯ್ಕೆ ಉಳಿದಿರುವುದಿಲ್ಲ. 1850ರಷ್ಟು ಹಿಂದೆಯೇ ಕಂಪನಿ ಸರ್ಕಾರ, ಜಾತಿಯಿಂದ ಹೊರಬಿದ್ದ ಕಾರಣಕ್ಕೆ ಯಾರೂ ಆಸ್ತಿಯ ಹಕ್ಕು ಕಳೆದುಕೊಳ್ಳಬಾರದೆಂದು ಕಾನೂನು ಮಾಡಿತು. 1949ರಲ್ಲಿ ಮುಂಬಯಿ ಪ್ರಾಂತ್ಯ ಬಹಿಷ್ಕಾರವನ್ನೇ ನಿಷೇಧಿಸಿದಾಗ, ದಾವೂದಿ ಬೋಹ್ರಾ ಸಮುದಾಯದ ಧರ್ಮಗುರು ಅದನ್ನು ಪ್ರಶ್ನಿಸಿದರು; 1962ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ರದ್ದುಪಡಿಸಿ, ಧರ್ಮದ ಆಧಾರದ ಬಹಿಷ್ಕಾರ ಧಾರ್ಮಿಕ ಸ್ವಾತಂತ್ರ್ಯದೊಳಗೆ ಬರುತ್ತದೆಂದಿತು. ಆ ತೀರ್ಪಿನ ಮರುಪರಿಶೀಲನೆಯ ಪ್ರಶ್ನೆಯನ್ನು 2023ರ ಫೆಬ್ರುವರಿಯಲ್ಲಿ ಸಂವಿಧಾನ ಪೀಠವೊಂದು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ವಹಿಸಿತು. ಈ ನಡುವೆ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರುವ ಕಾನೂನನ್ನು ಅಂಗೀಕರಿಸಿತು. ಕರ್ನಾಟಕ ಸರ್ಕಾರವೂ ಅಂಥದೇ ಮಸೂದೆಯನ್ನು 2025ರ ಕೊನೆಯಲ್ಲಿ ಶಾಸನಸಭೆಯ ಮುಂದಿಟ್ಟಿತು. ಒಂದು ಪಂಥ ತನ್ನ ನಂಬಿಕೆಯನ್ನು ಒಪ್ಪದವನನ್ನು ಪೂಜೆಯಿಂದ ದೂರ ಇಡುವುದು ಒಂದು, ಊರಿನ ನೀರಿನಿಂದ ದೂರ ಇಡುವುದು ಇನ್ನೊಂದು. ಈ ಎರಡರ ನಡುವಣ ಅಂತರವನ್ನು ಕಾನೂನು ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

ಆಗಬೇಕಾದದ್ದೇನು

ಧಾರ್ಮಿಕ ನ್ಯಾಯಪೀಠಗಳನ್ನು ಸಾರಾಸಗಟಾಗಿ ನಿಷೇಧಿಸಿದರೆ ಅವು ಮಾಯವಾಗದೆ ಕಾನೂನಿನ ಕಣ್ಣಿಗೆ ಬೀಳದ ಜಾಗಕ್ಕೆ ಸರಿಯುತ್ತವೆ. ಅವುಗಳನ್ನು ಮನಬಂದಂತೆ ನಡೆಯಲು ಬಿಟ್ಟರೆ ಸಮುದಾಯದೊಳಗಿನ ದುರ್ಬಲರನ್ನು, ಮುಖ್ಯವಾಗಿ ಹೆಂಗಸರನ್ನು, ಬಲಿಷ್ಠರ ಕೈಗೆ ಒಪ್ಪಿಸಿದಂತಾಗುತ್ತದೆ. ಆದ್ದರಿಂದ ಮಠದಲ್ಲಾಗಲಿ ಜಮಾತ್‌ನಲ್ಲಾಗಲಿ ಕಟ್ಟೆಯಲ್ಲಾಗಲಿ ನಡೆಯುವ ರಾಜಿಯನ್ನು ಅಳೆಯಲು ಕೆಲವು ನೇರ ಪ್ರಶ್ನೆಗಳು ಸಾಕು. ಇಬ್ಬರೂ ತಾವಾಗಿ ಬಂದವರೇ? ತೀರ್ಮಾನ ಬರಹದಲ್ಲಿದೆಯೇ? ಅಲ್ಲಿ ಹೆಣ್ಣಿನ ಮಾತನ್ನು ಆಕೆಯ ಬಾಯಿಂದಲೇ ಕೇಳಲಾಯಿತೇ, ಅಥವಾ ಆಕೆಯ ಪರವಾಗಿ ಅಪ್ಪನೋ ಅಣ್ಣನೋ ಮಾತಾಡಿದನೇ? ಒಪ್ಪದೆ ಎದ್ದು ಹೋದವರಿಗೆ ಮರುದಿನ ಊರಿನಲ್ಲಿ ಏನಾಗುತ್ತದೆ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ಪೀಠದ ನಿಜವಾದ ಸ್ವರೂಪ ಗೊತ್ತಾಗುತ್ತದೆ.

ಇದರ ಜೊತೆಗೆ ಸರ್ಕಾರದ ನ್ಯಾಯವೂ ಜನರಿಗೆ ಹತ್ತಿರವಾಗಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯಬಹುದು. ತಾಲ್ಲೂಕು ಮಟ್ಟದ ಕಾನೂನು ಸೇವಾ ಸಮಿತಿಗಳು ಇರುವುದೇ ಅದಕ್ಕಾಗಿ. ಲೋಕ ಅದಾಲತ್‌ನಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮಾನ. ಕಟ್ಟೆಯಲ್ಲಿ ಸ್ವಇಚ್ಛೆಯಿಂದ ಆದ ಒಪ್ಪಂದವನ್ನೂ ಅಲ್ಲಿಗೆ ತಂದು, ನ್ಯಾಯಾಧೀಶರು ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿ ದಾಖಲಿಸುವ ಪರಿಪಾಠ ಬೆಳೆದರೆ, ಹಿರಿಯರ ಮಾತಿನ ಗೌರವವೂ ಉಳಿಯುತ್ತದೆ, ಕಾನೂನಿನ ಭದ್ರತೆಯೂ ಸಿಗುತ್ತದೆ. ಮದುವೆಯ ನೋಂದಣಿ ಹಟ್ಟಿಯಿಂದ ಹಟ್ಟಿಗೆ, ಮೊಹಲ್ಲಾದಿಂದ ಮೊಹಲ್ಲಾಗೆ ತಲುಪಬೇಕಾದದ್ದೂ ಇದೇ ಕಾರಣಕ್ಕೆ. ದಾಖಲೆಯಿಲ್ಲದ ಮದುವೆಯಾದ ಹೆಣ್ಣು ಲಂಡನ್ನಿನಲ್ಲಾದರೂ ಪಾವಗಡದಲ್ಲಾದರೂ ಪಂಚರ ದಯೆಯನ್ನೇ ಕಾಯಬೇಕಾಗುತ್ತದೆ.

ಭಾರತದ ಸಂವಿಧಾನ ಎಲ್ಲ ವ್ಯಕ್ತಿಗಳಿಗೂ ತಮ್ಮ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯವನ್ನು ಕೊಟ್ಟಿರುವುದು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟು. ಏಕೆಂದರೆ ಆ ಸ್ವಾತಂತ್ರ್ಯದ ಮೊದಲ ಹಕ್ಕುದಾರ ಸಮುದಾಯವಲ್ಲ, ಅದರೊಳಗಿನ ಒಬ್ಬೊಬ್ಬ ವ್ಯಕ್ತಿ. ಮಧುಗಿರಿಯ ರೈತ ದಾಯಾದಿಯೊಂದಿಗಿನ ಜಗಳವನ್ನು ಗುರುವಿನ ಮುಂದೆ ಬಗೆಹರಿಸಿಕೊಳ್ಳಲು ಬಯಸಿದರೆ ಅದು ಅವನ ಹಕ್ಕು. ಶಿರಾದ ಹಟ್ಟಿಯೊಂದರ ಬಾಣಂತಿ ತನ್ನ ಮಗುವಿನೊಂದಿಗೆ ಮನೆಯೊಳಗೇ ಮಲಗುತ್ತೇನೆಂದರೆ ಅದು ಆಕೆಯ ಹಕ್ಕು. ಮೊದಲನೆಯದನ್ನು ಗೌರವಿಸುವ ಸಮಾಜ ಎರಡನೆಯದನ್ನು ಕಾಯಲಾರದೆ ಹೋದರೆ, ಅದು ಗೌರವಿಸುತ್ತಿರುವುದು ಧರ್ಮವನ್ನಲ್ಲ, ಬಲವನ್ನು.